ಅರ್ಧಕ್ಕೆ ಬಿದ್ದ ಆಮೆನ್

ಇಳಕಲ್ಲಿನ ನಮ್ಮ ಚರ್ಚಿನ ಗೋಡೆ ಗಡಿಯಾರ ಐದು ನಿಮಿಷ ಮುಂದಿದೆ. ಹಾಗೆ ಇಟ್ಟವಳು ನಾನೇ. ಹತ್ತು ಗಂಟೆಯ ಆರಾಧನೆಗೆ ಹತ್ತೂಕಾಲಿಗೆ ಬರುವ ಜನರನ್ನು ಹತ್ತೂ ಹತ್ತಕ್ಕಾದರೂ ಒಳಗೆ ಕೂರಿಸಬೇಕೆಂದು ಹೂಡಿದ ಉಪಾಯ ಅದು. ಈಗ ಗಡಿಯಾರ ಮುಂದಿದೆ ಎಂಬುದು ಎಲ್ಲರಿಗೂ ಗೊತ್ತಾಗಿದೆ. ಐದು ನಿಮಿಷ ಕಳೆದು ನೋಡಿಕೊಂಡು ಹತ್ತೂಕಾಲಿಗೇ ಬರುತ್ತಾರೆ.

ನಾನು ಹುನಗುಂದದ ಸರ್ಕಾರಿ ಶಾಲೆಯಲ್ಲಿ ಇಪ್ಪತ್ತಾರು ವರ್ಷದಿಂದ ಕಲಿಸುತ್ತಿದ್ದೇನೆ. ದಿನವೂ ಇಳಕಲ್ಲಿನಿಂದ ಬಸ್ಸಿನಲ್ಲಿ ಹೋಗಿಬರುತ್ತೇನೆ. ಗಂಟೆ ಹೊಡೆದ ಮೇಲೂ ಅಂಗಳದಲ್ಲಿ ನಿಂತು ಹರಟುವವರನ್ನು ಕಂಡರೆ, ಅದು ಶಾಲೆಯಾಗಲಿ ಚರ್ಚಾಗಲಿ, ನನಗೆ ತಡೆಯುವುದಿಲ್ಲ. ಸಿಟ್ಟು ಮೂಗಿನ ತುದಿಯಲ್ಲೇ ಇದೆ. ಅದನ್ನು ನಾನು ಶಿಸ್ತು ಎಂದು ಕರೆಯುತ್ತೇನೆ. ನನ್ನ ಗಂಡ ಬೇರೆ ಹೆಸರಿನಿಂದ ಕರೆಯುತ್ತಾರೆ.

ನಮ್ಮದು ಮೂವತ್ತು ಮನೆಗಳ ಸಣ್ಣ ಸಭೆ. ಹೆಚ್ಚಿನವರು ಒಂದು ಕಾಲಕ್ಕೆ ಮಗ್ಗದ ಮೇಲೆ ಬದುಕಿದವರು. ನಮಗೆಂದೇ ಒಬ್ಬ ಸಭಾಪಾಲಕರು ಇಲ್ಲ. ಬಾಗಲಕೋಟೆಯಲ್ಲಿ ಇರುವ ಒಬ್ಬರೇ ಅಲ್ಲಿಯ ಸಭೆ, ಬಾದಾಮಿ, ಹುನಗುಂದ, ಇಳಕಲ್ಲು ನಾಲ್ಕನ್ನೂ ನೋಡಿಕೊಳ್ಳುತ್ತಾರೆ. ತಿಂಗಳ ಮೊದಲ ಭಾನುವಾರ ಅವರು ಹುನಗುಂದದಲ್ಲಿ ಬೆಳಗಿನ ಆರಾಧನೆ ಮುಗಿಸಿ, ನಮ್ಮಲ್ಲಿಗೆ ಬಂದು, ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಿಯ ರಸ ಹಂಚುವ ಕರ್ತನ ಭೋಜನ ನಡೆಸಿ, ಹನ್ನೆರಡರ ಬಸ್ಸು ಹಿಡಿದು ವಾಪಸು ಹೋಗಬೇಕು. ಸಂಜೆ ಬಾಗಲಕೋಟೆಯಲ್ಲಿ ಮತ್ತೆ ಆರಾಧನೆ. ಆದ್ದರಿಂದ ಆ ದಿನದ ಉಸ್ತುವಾರಿಯೆಲ್ಲ ನನ್ನದು: ಗೀತೆಗಳ ಸಂಖ್ಯೆಯನ್ನು ಹಲಗೆಯ ಮೇಲೆ ಬರೆಯುವುದು, ಮೇಜಿಗೆ ಬಟ್ಟೆ ಹಾಸುವುದು, ರೊಟ್ಟಿ ಕೊಯ್ದು ತಟ್ಟೆಯಲ್ಲಿ ಇಡುವುದು, ಸಣ್ಣ ಲೋಟಗಳಿಗೆ ದ್ರಾಕ್ಷಿಯ ರಸ ಹಾಕುವುದು, ಮತ್ತು ಯಾವುದಕ್ಕೆ ಎಷ್ಟು ನಿಮಿಷ ಎಂದು ಚೀಟಿ ಬರೆದು ಸಭಾಪಾಲಕರ ಕೈಗೆ ಕೊಡುವುದು. ಗೀತೆಗೆ ನಾಲ್ಕು, ಬೈಬಲ್ ಪಾಠಕ್ಕೆ ಐದು, ಪ್ರಸಂಗ ಎನ್ನುವ ಉಪದೇಶಕ್ಕೆ ಇಪ್ಪತ್ತು, ಸಭೆಯವರು ಯಾರಾದರೂ ಎದ್ದು ಮಾಡುವ ಪ್ರಾರ್ಥನೆಗೆ ಮೂರು. ಒಳ್ಳೆಯ ಆರಾಧನೆ ಎಂದರೆ ಯಾವುದು ಎಂದು ಆಗ ಯಾರಾದರೂ ಕೇಳಿದ್ದರೆ, ಹನ್ನೊಂದೂವರೆಗೆ ಸರಿಯಾಗಿ ಮುಗಿಯುವುದು ಎಂದು ಹೇಳಿಬಿಡುತ್ತಿದ್ದೆ. ಅದರಲ್ಲಿ ಹೆಮ್ಮೆಯೂ ಇತ್ತು.

ಈ ಮೂರು ನಿಮಿಷಕ್ಕೆ ಎಂದೂ ಬಗ್ಗದವಳು ಒಬ್ಬಳಿದ್ದಳು. ನನ್ನ ನೆಗೆಣ್ಣಿ, ಅಂದರೆ ನನ್ನ ಮೈದುನನ ಹೆಂಡತಿ. ನಮ್ಮ ಎರಡು ಮನೆಗಳ ನಡುವೆ ಒಂದೇ ಗೋಡೆ. ಆಕೆ ನಾಲ್ಕನೆಯ ಇಯತ್ತೆಯವರೆಗೆ ಓದಿದವಳು, ಗಂಡನ ಜೊತೆ ಇನ್ನೂ ಕೈಮಗ್ಗದಲ್ಲಿ ಸೀರೆ ನೇಯುವವಳು. ಪ್ರಾರ್ಥನೆಗೆ ಎದ್ದು ನಿಂತಳೆಂದರೆ ಊರೆಲ್ಲ ಸುತ್ತಿಯೇ ಬರಬೇಕು. ಶಿರೂರಿನ ಉಳ್ಳಾಗಡ್ಡಿಯ ಬೆಳೆಗೆ ಮಳೆ, ಕೈ ಮಾಡಿದಲ್ಲಿ ಬಸ್ಸು ನಿಲ್ಲಿಸುವ ಚಾಲಕನಿಗೆ ಆಯುಷ್ಯ, ಎದುರು ಮನೆಯ ಎಮ್ಮೆಗೆ ಸುಖವಾದ ಹೆರಿಗೆ. ಪಕ್ಕದ ಮನೆಯವರು ಹರಕೆ ಹೊತ್ತು ತುಳಸಿಗೇರಿ ಹನುಮಪ್ಪನಿಗೆ ನಡೆದು ಹೊರಟಿದ್ದರೆ ಅವರ ಕಾಲಿಗೆ ಬೊಬ್ಬೆ ಬರದಿರಲಿ ಎಂದೂ ಕೇಳುತ್ತಿದ್ದಳು. ಒಮ್ಮೆ ಸಭೆಯ ಹಿರಿಯರೊಬ್ಬರು, ಅವರು ಹೊರಟಿದ್ದು ಹನುಮಪ್ಪನ ಗುಡಿಗೆ, ನಾವು ಇಲ್ಲಿ ಪ್ರಾರ್ಥನೆ ಮಾಡುವುದು ಹೇಗೆ ಎಂದು ಕೇಳಿದ್ದರು. ಹಾದಿಯಲ್ಲಿ ಬಿಸಿಲು ಎಲ್ಲರಿಗೂ ಒಂದೇ ಅಲ್ಲವೇ ಎಂದಳು ಆಕೆ.

ಹೋದ ವರ್ಷ ಹೆಸರುಕಾಯಿ ಬಿಡಿಸುವ ಕಾಲ. ತಿಂಗಳ ಮೊದಲ ಭಾನುವಾರ. ಮಳೆಯಿಂದ ಹುನಗುಂದದ ಬಸ್ಸು ತಡವಾಗಿ ಸಭಾಪಾಲಕರು ಬಂದದ್ದೇ ಹತ್ತೂ ನಲವತ್ತಕ್ಕೆ. ನನ್ನ ಚೀಟಿ ಆಗಲೇ ನೀರಿನಲ್ಲಿ ಹೋದಂತಾಗಿತ್ತು. ಪ್ರಾರ್ಥನೆಗೆ ನನ್ನ ನೆಗೆಣ್ಣಿ ಎದ್ದಳು. ಮಳೆಯಿಂದ ಶುರುವಾಯಿತು. ಚಾಲಕ ಬಂದ, ಎಮ್ಮೆ ಬಂತು, ಶಾಲೆಯಲ್ಲಿ ಬಿಸಿಯೂಟ ಮಾಡುವವಳ ಸೊಂಟನೋವು ಬಂತು. ಐದು ನಿಮಿಷ ಆಯಿತು, ಏಳಾಯಿತು. ನಾನು ಒಂದು ಕಣ್ಣು ತೆರೆದು ಗಡಿಯಾರ ನೋಡುತ್ತಿದ್ದೆ. "ಇನ್ನ ಕಡೀಕ, ದೇವರ, ನಮ್ಮ ಮನ್ಯಾಗ..." ಎಂದು ಆಕೆ ಉಸಿರು ತೆಗೆದುಕೊಳ್ಳಲು ನಿಂತಳು. ಆ ಸಂದಿನಲ್ಲಿ ನಾನು ಗಟ್ಟಿಯಾಗಿ "ಆಮೆನ್" ಎಂದುಬಿಟ್ಟೆ.

ನನ್ನದು ಮಾಸ್ತರಿಕೆಯ ದನಿ. ಅರ್ಧ ಸಭೆ ಚರ್ಚಿನ ಭಾನುವಾರದ ಮಕ್ಕಳ ಪಾಠದಲ್ಲಿ ನನ್ನ ಹತ್ತಿರವೇ ಕಲಿತದ್ದು. ನಾನು ಅಂದ ಕೂಡಲೇ ಮೂವತ್ತು ಮನೆಯವರೂ ಒಕ್ಕೊರಲಿನಿಂದ "ಆಮೆನ್" ಎಂದರು. ಆಕೆ ಬಾಯಿ ತೆರೆದವಳು ಹಾಗೆಯೇ ನಿಂತಿದ್ದಳು. ಆಮೇಲೆ ಸೆರಗು ಸರಿ ಮಾಡಿಕೊಂಡು ಕೂತಳು. ಸಭಾಪಾಲಕರಿಗೆ ಹನ್ನೆರಡರ ಬಸ್ಸು ಸಿಕ್ಕಿತು.

ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಆಕೆ ನನ್ನ ಪಕ್ಕಕ್ಕೆ ಬಂದು ಕೇಳಿದಳು: "ಬಸ್ ಸಿಕ್ತೇನ್ರಿ, ಅಕ್ಕೋರ?"

ಅಕ್ಕೋರು ಎಂದರೆ ನಮ್ಮ ಕಡೆ ಶಾಲೆ ಕಲಿಸುವ ಹೆಂಗಸು. ಸೊಸೆಯಾಗಿ ಬಂದ ದಿನದಿಂದ ನನ್ನನ್ನು "ಯಕ್ಕಾ, ನೀ" ಎಂದು ಕರೆದವಳ ಬಾಯಲ್ಲಿ ಈ ಮರ್ಯಾದೆ ಕೇಳಿ ನನಗೆ ಮೈ ಉರಿಯಿತು. ಸಿಕ್ಕಿತು ಎಂದಷ್ಟೇ ಹೇಳಿ ಹೊರಟೆ. ಅಲ್ಲಿಗೆ ಮಾತು ನಿಂತಿತು. ಎಂಟು ತಿಂಗಳು ನಿಂತಿತು.

ಒಂದೇ ಗೋಡೆಯ ಎರಡು ಮನೆಗಳಲ್ಲಿ ಮಾತು ಬಿಡುವುದು ಸುಲಭದ ಕೆಲಸವಲ್ಲ. ನಡುವೆ ನಮ್ಮ ಅತ್ತೆ ಇದ್ದಾರೆ. ಎಂಬತ್ತು ದಾಟಿದ ಜೀವ. ನನ್ನ ಮನೆಯಲ್ಲಿ ಊಟ, ಅವಳ ಮನೆಯಲ್ಲಿ ನಿದ್ದೆ. ಹಿಂಡಿಪಲ್ಯದ ಬಟ್ಟಲು, ಗಿರಣಿಯಿಂದ ಬಂದ ಹಿಟ್ಟು, ಕ್ರಿಸ್ಮಸ್ಸಿನ ಕರ್ಚಿಕಾಯಿ ಎಲ್ಲವೂ ಅವರ ಕೈಯಿಂದಲೇ ಆಚೆ ಈಚೆ ಹೋಗತೊಡಗಿದವು. ಬಟ್ಟಲು ಖಾಲಿ ಹೋಗಬಾರದೆಂಬ ರೂಢಿಯನ್ನು ಇಬ್ಬರೂ ಬಿಡಲಿಲ್ಲ. ಜಗಳದಲ್ಲಿ ಅತ್ತೆಯ ನಡಿಗೆ ಹೆಚ್ಚಾಗಿ ಅವರ ಮೊಣಕಾಲು ನೋವು ಕಡಿಮೆಯಾಯಿತು ಎಂದು ನನ್ನ ಗಂಡ ಹೇಳುತ್ತಿದ್ದರು. ಆ ವರ್ಷ ಅತ್ತೆಗೆ ಇನ್ನೊಂದು ಹೊಸ ಚಟವೂ ಹತ್ತಿತ್ತು. ದಿನಾ ಬೆಳಿಗ್ಗೆ ನೀರು ಕಾಸಿ ನನ್ನ ಬಾಟಲಿಗೆ ತುಂಬಿ ಕೊಡುತ್ತಿದ್ದರು. ವಯಸ್ಸಾದವರ ಹುಚ್ಚು ಎಂದುಕೊಂಡು ಕುಡಿಯುತ್ತಿದ್ದೆ.

ನಿಜವಾದ ತೊಂದರೆ ಇದ್ದದ್ದು ಭಾನುವಾರಗಳಲ್ಲಿ. ನಮ್ಮ ಸಭೆಯಲ್ಲಿ ಹಳೆಯ ಕಾಲದಿಂದ ಬಂದ ಒಂದು ರೂಢಿ ಇದೆ: ಯಾರ ಜೊತೆಗಾದರೂ ಮಾತು ಬಿಟ್ಟವರು ಕರ್ತನ ಮೇಜಿಗೆ ಹೋಗುವುದಿಲ್ಲ. ಯಾರೂ ಕೇಳುವುದಿಲ್ಲ, ತಡೆಯುವುದಿಲ್ಲ. ಸಭಾಪಾಲಕರು ಮೇಜಿನ ಮುಂದೆ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಾರೆ. ಅಂಥವರು ತಾವಾಗಿಯೇ ಕೂತಿರುತ್ತಾರೆ, ಉಳಿದವರು ಏಳುತ್ತಾರೆ. ಹದಿನಾರನೆಯ ವಯಸ್ಸಿನಿಂದ ನಾನು ಒಂದು ಸಲವೂ ಕೂತವಳಲ್ಲ. ಈಗ ತಿಂಗಳು ತಿಂಗಳೂ ಕೂತೆ. ಬೆಳಿಗ್ಗೆ ಎದ್ದು ಬಟ್ಟೆ ಹಾಸಿದವಳು ನಾನು, ರೊಟ್ಟಿ ಕೊಯ್ದವಳು ನಾನು, ರಸ ಹಾಕಿದವಳು ನಾನು. ಊಟದ ಹೊತ್ತಿಗೆ ಬೆಂಚಿನ ಈ ತುದಿಯಲ್ಲಿ ನಾನು, ಆ ತುದಿಯಲ್ಲಿ ಅವಳು. ನಡುವಿನವರೆಲ್ಲ ಎದ್ದು ಹೋದ ಮೇಲೆ ನಾವಿಬ್ಬರೇ ಎದ್ದು ಕಾಣುತ್ತಿದ್ದೆವು. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಅನ್ನುತ್ತಾರೆ. ಇಲ್ಲಿ ಮನೆ ಕೆಡಿಸಿದ್ದು ಪ್ರಾರ್ಥನೆಯ ಕೊನೆಗೆ ಅನ್ನುವ ಮಾತು. ಯಾರಿಗೆ ಹೇಳುವುದು?

ಇಷ್ಟು ಹೊತ್ತು ನಾನು ಬಸ್ಸಿನ ಮೇಲೆ ತಪ್ಪು ಹೊರಿಸಿದೆ. ಕೇಳಿದವರಿಗೆಲ್ಲ ಹಾಗೆಯೇ ಹೇಳಿದ್ದೆ. ಖರೆ ಸಂಗತಿ ಬೇರೆ ಇತ್ತು. ಆ ಭಾನುವಾರದ ಹಿಂದಿನ ವಾರ ನನ್ನ ಕುತ್ತಿಗೆಯಲ್ಲಿ ಒಂದು ಸಣ್ಣ ಗಡ್ಡೆ ಕೈಗೆ ಹತ್ತಿತ್ತು. ಗುರುವಾರ ಬಾಗಲಕೋಟೆಯ ದವಾಖಾನೆಗೆ ಹೋಗುವುದೆಂದು ಗೊತ್ತುಮಾಡಿದ್ದೆವು. ಗಂಡನನ್ನು ಬಿಟ್ಟರೆ ನಾನು ಹೇಳಿದ್ದು ಆಕೆಯೊಬ್ಬಳಿಗೆ. ಯಾರ ಮುಂದೆಯೂ ಬಾಯಿ ಬಿಡಬೇಡ ಎಂದು ಕೈ ಹಿಡಿದು ಹೇಳಿದ್ದೆ. ಆಕೆಯ ಪ್ರಾರ್ಥನೆ ಎಮ್ಮೆಯನ್ನು ದಾಟಿ "ನಮ್ಮ ಮನ್ಯಾಗ" ಎನ್ನುವಲ್ಲಿಗೆ ಬಂದಾಗ ನಾನು ಎರಡೂ ಕಣ್ಣು ತೆರೆದೆ. ಈಗ ನನ್ನ ಗಡ್ಡೆಯನ್ನು ಸಭೆಯ ನಡುವೆ ತಂದಿಡುತ್ತಾಳೆ, ನಾಳೆ ಶಾಲೆಯ ತನಕ ಸುದ್ದಿ ಮುಟ್ಟುತ್ತದೆ, ಎಲ್ಲರೂ ನನ್ನನ್ನು ಅಯ್ಯೋ ಪಾಪ ಎಂಬಂತೆ ನೋಡುತ್ತಾರೆ ಎಂದು ಹೆದರಿದೆ. ಆಮೆನ್ ಬಂದದ್ದು ಆ ಹೆದರಿಕೆಯಿಂದ. ಬಸ್ಸು ನೆಪಕ್ಕೆ ಒದಗಿತು.

ಗಡ್ಡೆಯಲ್ಲಿ ಏನೂ ಇರಲಿಲ್ಲ. ಸೂಜಿ ಚುಚ್ಚಿ ಪರೀಕ್ಷೆ ಮಾಡಿ, ಒಂದು ವಾರ ನಮ್ಮನ್ನು ಕಾಯಿಸಿ, ಅಂಜಬೇಡಿರಿ, ವರ್ಷಕ್ಕೊಮ್ಮೆ ತೋರಿಸಿರಿ ಎಂದರು ಡಾಕ್ಟರು. ಮಾತು ಸ್ವಲ್ಪ ಕಡಿಮೆ ಮಾಡಬೇಕೆಂದೂ ಹೇಳಿದರು. ಅದನ್ನು ಬರೆದುಕೊಡಿರಿ ಎಂದು ನನ್ನ ಗಂಡ ಕೇಳಿದರು. ನಗುತ್ತಲೇ ಮನೆಗೆ ಬಂದೆವು. ಆದರೆ ಆ ಸುದ್ದಿಯನ್ನು ಮೊದಲು ಹೇಳಬೇಕಾದವಳ ಬಾಗಿಲು ಪಕ್ಕದಲ್ಲೇ ಇತ್ತು, ನಾನು ಒಳಗೆ ಹೋಗಲಿಲ್ಲ. ಆ ಸಂಜೆ ನನಗೆ ಸಂತೋಷ ಅರ್ಧವೇ ಆಗಿತ್ತು. ಸಿಟ್ಟು ಮಾಡಬೇಕಾದವಳು ಅವಳು, ಹೋಗಿ ಮಾತಾಡಿಸಬೇಕಾದವಳು ನಾನು ಎಂಬುದು ಗೊತ್ತಿದ್ದೂ, ಹಿರಿಯಳಾಗಿ ನಾನೇಕೆ ಬಗ್ಗಬೇಕು ಎಂಬ ಒಣ ಜಂಬ ಬಿಡಲಿಲ್ಲ.

ಮಾರ್ಚ್ ತಿಂಗಳಲ್ಲಿ ಸಭಾಪಾಲಕರ ಪ್ರಸಂಗವೊಂದು ನೇರವಾಗಿ ನನಗೇ ಬಂದು ತಾಗಿತು. ನಿಜವಾದ ಆರಾಧನೆ ಯಾವುದು ಎಂಬುದು ವಿಷಯ. ಕಾಣಿಕೆ ಹಿಡಿದು ಬಂದವನಿಗೆ ಮನೆಯ ಜಗಳ ನೆನಪಾದರೆ, ಕಾಣಿಕೆ ಅಲ್ಲೇ ಇಟ್ಟು ಮೊದಲು ಮನೆಗೆ ಹೋಗಲಿ, ದೇವರು ಕಾಯುತ್ತಾನೆ ಎಂದರು. ದೇವರಿಗೆ ಬಸ್ಸಿನ ಅವಸರ ಇಲ್ಲ ಎಂದೂ ಸೇರಿಸಿದರು. ಅವರು ಬೇಕೆಂದು ಹೇಳಿದರೋ ಸಹಜವಾಗಿ ಬಂತೋ ಇಂದಿಗೂ ತಿಳಿಯದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನಾನು ಗಡಿಯಾರದ ಕಡೆಗೆ ನೋಡಿದೆ.

ಅದೇ ದಿನ ಸಭೆಯ ಹಿರಿಯರು ಕೂತು, ಮೇಜಿನ ಬಟ್ಟೆ ಹಳದಿ ತಿರುಗಿದೆ, ಮೂಲೆಯಲ್ಲಿ ಇಲಿ ಕಡಿದಿದೆ, ಈಸ್ಟರಿಗೆ ಹೊಸದು ಬೇಕು ಎಂದು ಮಾತಾಡಿಕೊಂಡರು. ಪೇಟೆಯಿಂದ ತರೋಣ ಎಂದರು ಒಬ್ಬರು. ನನ್ನ ನೆಗೆಣ್ಣಿ ಎದ್ದು, ತಾನು ನೇಯ್ದು ಕಾಣಿಕೆಯಾಗಿ ಕೊಡುತ್ತೇನೆ ಎಂದಳು. ಬಿಳಿಯ ಒಡಲು, ಮುಂದಕ್ಕೆ ಇಳಿಬೀಳಲು ಕೆಂಪು ಸೆರಗು, ಸೆರಗಿನಲ್ಲಿ ಜೋಳದ ತೆನೆ. ಮೇಜಿಗೆ ಸೀರೆ ಉಡಿಸುತ್ತೀಯಾ ಎಂದು ಹಿರಿಯರು ನಕ್ಕರು. ಇಳಕಲ್ಲಿನಲ್ಲಿ ಇದ್ದ ಮೇಲೆ ಉಡಬೇಕಾಗುತ್ತದೆ ಎಂದಳು. ಸಭಾಪಾಲಕರಿಗೆ ತೆನೆಯ ಮಾತು ಬಹಳ ಹಿಡಿಸಿತು. ನಮ್ಮ ಹೊಟ್ಟೆಯ ರೊಟ್ಟಿ ಜೋಳದ್ದು, ಮೇಜಿನ ಮೇಲೆ ಅದು ಇರಲಿ ಎಂದರು. ನಾನು ಮೂಲೆಯಲ್ಲಿ ಕೂತು ಲೋಟ ಒರೆಸುತ್ತ ಕೇಳಿದೆ. ಆ ಬಟ್ಟೆಯನ್ನು ಹಾಸುವವಳು ನಾನು, ಅದರ ಮುಂದೆ ಊಟವಿಲ್ಲದೆ ಕೂರುವವಳೂ ನಾನು. ಈಸ್ಟರಿನ ದಿನವೂ ಮೇಜಿಗೆ ಹೋಗದೆ ಕೂತರೆ ನನಗೆ ನಾನೇ ಮುಖ ತೋರಿಸಲಾರೆ ಎಂದು ಅಂದು ಮೊದಲ ಸಲ ಅನ್ನಿಸಿತು. ಐದು ವಾರ ಉಳಿದಿತ್ತು. ಐದರಲ್ಲಿ ನಾಲ್ಕನ್ನು ಜಂಬದಲ್ಲೇ ಕಳೆದೆ.

ಈಸ್ಟರಿಗೆ ಒಂದು ವಾರ ಮೊದಲು ಬರುವ ಗರಿಗಳ ಭಾನುವಾರದ ಹಿಂದಿನ ಶನಿವಾರ, ಬೆಳಗಿನ ಶಾಲೆ ಮುಗಿಸಿ ಮಧ್ಯಾಹ್ನ ಮನೆಗೆ ಬಂದಾಗ ಅತ್ತೆ ನನ್ನ ಅಡುಗೆಮನೆಯಲ್ಲಿ ಕಾಯುತ್ತ ಕೂತಿದ್ದರು. ಊಟ ಮಾಡು, ಮಾಡಿ ಆಚೆ ನಡಿ, ಕೊಂಡಿ ಹಾಕುವುದಿದೆ ಎಂದರು. ಕೇಳುವ ದನಿ ಅಲ್ಲ, ಹೇಳುವ ದನಿ.

ಇಳಕಲ್ ಸೀರೆಯಲ್ಲಿ ಸೆರಗಿನ ಹಾಸು, ಅಂದರೆ ಉದ್ದದ ಎಳೆಗಳು, ಬೇರೆ, ಒಡಲಿನ ಹಾಸು ಬೇರೆ. ಎರಡನ್ನೂ ಮಗ್ಗದ ಮೇಲೆ ಕೂಡಿಸಬೇಕು. ಒಂದರ ಎಳೆಯ ಕುಣಿಕೆಯೊಳಗೆ ಇನ್ನೊಂದರ ಕುಣಿಕೆಯನ್ನು ಸಿಕ್ಕಿಸುತ್ತ, ಈ ಅಂಚಿನಿಂದ ಆ ಅಂಚಿನ ತನಕ ಸಾವಿರಗಟ್ಟಲೆ ಎಳೆ ಸೇರಿಸುವ ಕೆಲಸ. ಅದಕ್ಕೆ ಕೊಂಡಿ ಎನ್ನುತ್ತೇವೆ. ಒಬ್ಬರು ಎಳೆ ಎತ್ತಿ ಕೊಡಬೇಕು, ಎದುರಿಗೆ ಕೂತವರು ಸಿಕ್ಕಿಸಬೇಕು. ನಡುವೆ ಒಬ್ಬರು ಕೈಬಿಟ್ಟು ಎದ್ದರೆ ಸೇರಿದ್ದೂ ಸಡಿಲಾಗುತ್ತದೆ. ಆಕೆಗೆ ಎಳೆ ಕೊಡುತ್ತಿದ್ದವನು ಅವಳ ಗಂಡ. ಅವನಿಗೆ ಆಗಷ್ಟೇ ಕಣ್ಣಿನ ಪೊರೆ ತೆಗೆದಿದ್ದರು. ತಿಂಗಳು ದಾಟುವವರೆಗೆ ದಾರದ ಕೆಲಸ ಬೇಡ ಎಂದು ಹಸಿರು ಬಟ್ಟೆ ಕಟ್ಟಿ ಕಳಿಸಿದ್ದರು. ನಾನೂ ನೇಕಾರರ ಮಗಳು. ಕೊಂಡಿಯನ್ನು ಅವ್ವನ ಮುಂದೆ ಕೂತು ಕಲಿತವಳು. ಶಾಲೆಯ ನೌಕರಿ ಸಿಕ್ಕ ಮೇಲೆ ಬಿಟ್ಟಿದ್ದೆ.

ಹೋಗುವುದಿಲ್ಲ ಎನ್ನಲು ಬಾಯಿ ತೆರೆದೆ. ಅತ್ತೆ ನನ್ನ ಮುಖ ನೋಡಿದರು. "ದೇವರ ಮೇಜಿನ ಅರಿವಿ ಅರ್ಧಾ ಮಾಡಿ ಇಟ್ಟು ಇಬ್ಬರೂ ಜಂಬ ಮಾಡ್ತೀರೇನ? ನಡಿ."

ಹೋದೆ. ಆಕೆ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. "ಬರ್ರಿ, ಅಕ್ಕೋರ" ಎಂದಳು. ಹಾಸಿನ ಆಚೆ ನನಗೊಂದು ಮಣೆ ಇಟ್ಟಿತ್ತು. ಅತ್ತೆ ಬಾಗಿಲಲ್ಲಿ ಚಾಪೆ ಹಾಕಿಕೊಂಡು ಕೂತು, ಇಬ್ಬರಲ್ಲಿ ಯಾರು ಎದ್ದರೂ ಕಾಲು ಮುರಿಯುತ್ತೇನೆ ಎಂದು ಸಾರಿ, ಶೇಂಗಾ ಸುಲಿಯತೊಡಗಿದರು. ಹೊರಗಿನ ಕಟ್ಟೆಯ ಮೇಲೆ ಮೈದುನ ಕರಿಯ ಕನ್ನಡಕ ಹಾಕಿಕೊಂಡು, ನನ್ನ ಗಂಡನ ಜೊತೆ ಕೂತಿದ್ದ. ಇಬ್ಬರೂ ಏನೂ ಕೇಳಿಸದವರ ಹಾಗೆ ರಸ್ತೆ ನೋಡುತ್ತಿದ್ದರು.

ಮೊದಲ ಒಂದು ತಾಸು ನಮ್ಮ ನಡುವೆ ಎರಡೇ ಮಾತು: ಕೊಡ್ರಿ, ತುಗೋರಿ. ನನ್ನ ಬೆರಳು ಮರೆತಿತ್ತು. ಎಳೆ ಜಾರುತ್ತಿತ್ತು. ಆಕೆ ಕಾಯುತ್ತಿದ್ದಳು. ಅವಳ ಆ ತಾಳ್ಮೆ ನನಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಇಪ್ಪತ್ತಾರು ವರ್ಷ ಮಕ್ಕಳಿಗೆ ಬೇಗ ಬೇಗ ಎಂದವಳು ನಾನು. ಇಲ್ಲಿ ಅವಸರ ಮಾಡಿದರೆ ಎಳೆ ಹರಿಯುತ್ತದೆ. ನಿಧಾನಕ್ಕೆ ಕೈಗೆ ಹಳೆಯ ರೂಢಿ ಮರಳಿತು. ಅವ್ವ ಕಲಿಸಿದಂತೆ ಎರಡು ಬೆರಳ ನಡುವೆ ಎಳೆ ಎತ್ತಿ ಕೊಡತೊಡಗಿದೆ. ಆಕೆ ತಲೆ ಎತ್ತದೆಯೇ ಕೇಳಿದಳು.

"ಕುತ್ತಿಗಿ ಈಗ ಹೆಂಗೈತಿ?"

ಏನೂ ಇಲ್ಲ, ಚಲೋ ಇದ್ದೇನೆ ಎಂದೆ. ಗೊತ್ತಿದೆ ಎಂದಳು. ಪರೀಕ್ಷೆಯ ಫಲ ಬಂದ ದಿನವೇ ನನ್ನ ಗಂಡನನ್ನು ಹಿತ್ತಲಲ್ಲಿ ಹಿಡಿದು ಕೇಳಿಕೊಂಡಿದ್ದಳಂತೆ. ಆಮೇಲೂ ತಿಂಗಳಿಗೊಮ್ಮೆ ಕೇಳುತ್ತಿದ್ದಳಂತೆ. ಕಟ್ಟೆಯ ಮೇಲಿನ ಆ ಮಹಾರಾಯರು ನನಗೆ ಒಂದು ಮಾತೂ ಹೇಳಿರಲಿಲ್ಲ. ಎಂಟು ತಿಂಗಳು ನುಂಗಲೂ ಆಗದೆ ಉಗುಳಲೂ ಆಗದೆ ಇಟ್ಟುಕೊಂಡಿದ್ದ ಮಾತು ಆಗ ಹೊರಗೆ ಬಂತು.

"ಬಸ್ಸಿಗಂತ ಅಲ್ಲ ನಾ ಆಮೆನ್ ಅಂದಿದ್ದು. ಗಡ್ಡಿ ಸುದ್ದಿ ಎಲ್ಲಾರ ಮುಂದ ಹೇಳ್ತಿ ಅಂತ ಅಂಜಿದ್ದೆ. ತಪ್ಪಾತು."

"ಅದೂ ಗೊತ್ತೈತಿ," ಎಂದಳು. "ಸಿಟ್ಟು ಬಂದಿದ್ದು ಅದಕ್ಕ. ಹೇಳಬ್ಯಾಡ ಅಂತ ನೀ ಕೈ ಹಿಡದು ಹೇಳಿದ್ದು ನಾ ಹೇಳ್ತಿದ್ನೇನ?" ಅವಳು ರಿ ಬಿಟ್ಟು ನೀ ಎಂದಿದ್ದಳು. ಕೈಯಲ್ಲಿದ್ದ ಎಳೆಯನ್ನು ಸಿಕ್ಕಿಸಿ ಮುಂದುವರಿದಳು. "ಮಂದಿ ಊಟಕ್ಕ ಕುಂತಾಗ ಮನಿಯವರಿಗೆ ಕಡೀಕ ಅಲ್ಲೇನ ಬಡಸೂದು? ಊರ ಮಂದಿಗೆಲ್ಲಾ ಬಡಿಸಿ ಬಂದು ನಿನ್ನ ಹೆಸರು ಕಡೀಕ ಇಟ್ಟಿದ್ದೆ. ನಾ ಬಡಸೂದ್ರಾಗ ನೀನ ಎಲಿ ಎತ್ತಿದಿ."

ನಾನು ಆ ಸಭೆಯಲ್ಲಿ ಎಷ್ಟೋ ಆರಾಧನೆಗಳನ್ನು ನಿಮಿಷ ಹಿಡಿದು ಮುಗಿಸಿದವಳು. ಆ ಹೊತ್ತಿಗೆ ಅವೆಲ್ಲ ಯಾರಿಗಾಗಿ ಮಾಡಿದೆ ಎಂದು ನನಗೇ ತಿಳಿಯದಾಯಿತು. ಈಕೆ ಓಣಿಯ ಎಮ್ಮೆಯನ್ನೂ ಬಿಡದೆ ಒಬ್ಬೊಬ್ಬರನ್ನೇ ಕೈ ಹಿಡಿದು ದೇವರ ಮುಂದೆ ತಂದು ನಿಲ್ಲಿಸುತ್ತಿದ್ದಳು. ನಾನು ಸಾಲು ಉದ್ದವಾಯಿತು ಎಂದು ಬಾಗಿಲು ಹಾಕಿದೆ. ಹಾಕಿದಾಗ ಹೊರಗೆ ಉಳಿದವಳು ನಾನೇ. ನಾಚಿಕೆಯಾಯಿತು, ಅಳುವೂ ಬಂತು. ಎರಡೂ ಕೈಯಲ್ಲಿ ಎಳೆ ಇದ್ದುದರಿಂದ ಕಣ್ಣು ಒರೆಸಿಕೊಳ್ಳಲು ಆಗಲಿಲ್ಲ.

"ಏನಂತಿದ್ದಿ ಅವತ್ತು?" ಎಂದು ಕೇಳಿದೆ.

ಆಕೆ ಕಣ್ಣು ಮುಚ್ಚಲಿಲ್ಲ, ಕೈ ಜೋಡಿಸಲಿಲ್ಲ. ಎರಡಕ್ಕೂ ಆಸ್ಪದ ಇರಲಿಲ್ಲ. ಕುಣಿಕೆ ನೋಡುತ್ತಲೇ, ನನ್ನ ಜೊತೆ ಮಾತಾಡಿದ ದನಿಯಲ್ಲಿಯೇ ಶುರು ಮಾಡಿದಳು.

"ದೇವರ, ಅವತ್ತ ಬಿಟ್ಟಲ್ಲಿಂದ ಹೇಳ್ತೇನಿ. ನಮ್ಮ ಮನ್ಯಾಗ ನಮ್ಮಕ್ಕ ಅದಾಳ. ಆಕಿ ದನಿ ಕಾಯಿ. ಮುಂಜಾನೆದ್ದು ಆಕಿ ಬೈದ್ರನ ನಮ್ಮ ಓಣಿಗೆ ಬೆಳಗಾಗ್ತೈತಿ. ಆ ದನಿ ಇನ್ನ ಭಾಳ ವರ್ಷ ನನ್ನ ಬೈಲಿ."

ಅಷ್ಟೇ. ಗಡ್ಡೆಯೂ ಇಲ್ಲ, ದವಾಖಾನೆಯೂ ಇಲ್ಲ. ಅವತ್ತು ಸಭೆಯ ನಡುವೆ ಇದನ್ನು ಹೇಳಿದ್ದರೆ ಮೂವತ್ತು ಮನೆಯವರೂ ನಕ್ಕು, ನಗುತ್ತಲೇ ನನ್ನ ದನಿಗಾಗಿ ಪ್ರಾರ್ಥಿಸಿಬಿಡುತ್ತಿದ್ದರು. ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ನಾನು ಕಾಯಬೇಕಾಗಿದ್ದದ್ದು ಅರ್ಧ ನಿಮಿಷ.

ಈಗ ಆಮೆನ್ ಅನ್ನಬೇಕು. ನಾನು ಎಳೆ ಎಣಿಸುತ್ತ ಕೂತೆ. ಆಕೆ ಎಳೆ ಹಿಡಿದು ಕಾಯುತ್ತಿದ್ದಳು. ಹೊರಗೆ ಗಂಡಸರಿಬ್ಬರೂ ರಸ್ತೆ ಬಿಟ್ಟು ಒಳಗೆ ನೋಡುತ್ತಿದ್ದರು. ಬಾಗಿಲಿನಿಂದ ಅತ್ತೆ ಶೇಂಗಾ ಸುಲಿಯುವುದನ್ನು ಬಿಟ್ಟು ನನ್ನ ಕಡೆ ತಿರುಗಿದರು.

"ಅವತ್ತ ಯಾರೂ ಕೇಳದನ ಅಂದಿ. ಇವತ್ತ ಎಲ್ಲಾರೂ ಕಾಯಾಕತ್ತೇವಿ. ಅನ್ನು."

ಅಂದೆ. ಮಾಸ್ತರಿಕೆಯ ದನಿ ಅಲ್ಲ, ಒಂದು ನಮೂನೆ ಕಿರುದನಿ. ನಾಲ್ವರೂ ನನ್ನ ಹಿಂದೆ ಅಂದರು, ಕಟ್ಟೆಯ ಮೇಲಿನ ನನ್ನ ಗಂಡ ಎಲ್ಲರಿಗಿಂತ ಗಟ್ಟಿಯಾಗಿ. ಆಮೇಲೆ ಅತ್ತೆ, ನನ್ನ ಕುತ್ತಿಗೆಯ ವಿಷಯ ತಮಗೆ ಮೊದಲ ವಾರವೇ ಗೊತ್ತಿತ್ತೆಂದೂ, ಅದಕ್ಕಾಗಿಯೇ ಎಂಟು ತಿಂಗಳಿಂದ ನೀರು ಕಾಸಿ ಕೊಡುತ್ತಿರುವುದೆಂದೂ, ಗುಟ್ಟು ಮಾಡಲು ಬಂದ ಜಾಣೆಯರನ್ನು ತಾವು ಬಹಳ ನೋಡಿದ್ದೇವೆಂದೂ ಹೇಳಿದರು. ಅಷ್ಟೂ ಕೇಳಿ ನಾವಿಬ್ಬರೂ ನಕ್ಕ ನಗುವಿಗೆ ಹಾಸೇ ಅಲುಗಾಡಿತು. ಎಳೆ ಹರಿದೀತು ಎಂದು ಆಕೆ ನನ್ನನ್ನು ಬೈದಳು. ನಾನು ತಿರುಗಿ ಬೈದೆ. ಹೊತ್ತು ಮುಳುಗುವ ಹೊತ್ತಿಗೆ ಕೊನೆಯ ಕೊಂಡಿ ಬಿತ್ತು. ಏಳಲು ಹೋದರೆ ಸೊಂಟ ಏಳಲಿಲ್ಲ, ಆಕೆಯೇ ಕೈ ಕೊಟ್ಟು ಎಬ್ಬಿಸಿದಳು.

ಮಾರನೆಯ ದಿನ ಪಕ್ಕದ ಓಣಿಯ ನೇಕಾರಳೊಬ್ಬಳು ಚರ್ಚಿನ ಮುಂದೆ ಸಿಕ್ಕಳು. ತಾನು ಬಂದು ಎಳೆ ಕೊಡುತ್ತೇನೆಂದು ಎರಡು ಸಲ ಕೇಳಿದರೂ ನಿನ್ನ ನೆಗೆಣ್ಣಿ ಬೇಡವೆಂದಳು, ಇದಕ್ಕೆ ನಮ್ಮ ಅಕ್ಕನೇ ಬರಬೇಕು ಎಂದಳು ಎಂದು ದೂರಿದಳು. ನಾನು ಆ ಮಾತನ್ನು ಮನೆಯಲ್ಲಿ ಎತ್ತಲಿಲ್ಲ. ಅತ್ತೆಯೂ ಅವಳೂ ಕೂಡಿ ಹೂಡಿದ ಆಟ ಅದಿರಬಹುದು. ಇದ್ದರೆ ಇರಲಿ, ಗೋಡೆ ಗಡಿಯಾರದ ಆಟಕ್ಕಿಂತ ಅದು ಚೆನ್ನಾಗಿ ನಡೆಯಿತು.

ಈಸ್ಟರಿನ ದಿನ ಬಟ್ಟೆಯನ್ನು ಇಬ್ಬರೂ ಎರಡು ತುದಿ ಹಿಡಿದು ಹಾಸಿದೆವು. ಕೆಂಪು ಸೆರಗು ಮುಂದಕ್ಕೆ ಇಳಿದು, ತೆನೆಗಳು ಸಾಲಾಗಿ ನಿಂತವು. ಒಡಲು ಸೆರಗು ಕೂಡುವಲ್ಲಿ ಬೆರಳಗಲದಷ್ಟು ಕೊಂಡಿ ಸ್ವಲ್ಪ ಸೊಟ್ಟಗಿದೆ. ನಾನು ಅಳುತ್ತಿದ್ದಾಗ ಹಾಕಿದ್ದು. ಆಕೆ ಬಿಚ್ಚಲಿಲ್ಲ. ಸಭಾಪಾಲಕರು ಬಹಳ ಹೊತ್ತು ಮುಟ್ಟಿ ನೋಡಿ, ಬಾದಾಮಿಯವರೂ ಇಂಥದ್ದೇ ಕೇಳುತ್ತಾರೆ ನೋಡಿರಿ ಎಂದರು. ಇನ್ನೊಂದಕ್ಕೆ ಎಳೆ ಕೊಡಲು ನಾನು ತಯಾರಿದ್ದೇನೆ.

ಅಂದು ನಾನು ಚೀಟಿ ಬರೆದಿರಲಿಲ್ಲ. ಸಭಾಪಾಲಕರು ಕೈ ಚಾಚಿ, ಏನೂ ಸಿಗದೆ, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಮೇಜಿಗೆ ಹೋಗುವ ಮುಂಚಿನ ಪ್ರಾರ್ಥನೆಗೆ ಯಾರಾದರೂ ಏಳಿರಿ ಎಂದರು. ನನ್ನ ಪಕ್ಕದಲ್ಲಿ ಕೂತಿದ್ದವಳು ಎದ್ದಳು. ಸಭೆಯಲ್ಲಿ ಒಂದು ಸಣ್ಣ ನಿಟ್ಟುಸಿರು ಓಡಾಡಿತು. ಬಿಸಿಲಿನಿಂದ ಶುರುವಾಯಿತು. ಚಾಲಕ ಬಂದ, ಎದುರು ಮನೆಯ ಎಮ್ಮೆಯ ಕರು ಬಂತು, ಬಿಸಿಯೂಟದವಳ ಸೊಂಟ ಬಂತು, ತನ್ನ ಗಂಡನ ಕಣ್ಣು ಬಂತು. ಗಡಿಯಾರ ಹನ್ನೊಂದೂ ಮುಕ್ಕಾಲು ತೋರಿಸುತ್ತಿತ್ತಂತೆ. ಆಮೇಲೆ ಹೇಳಿದರು, ನಾನು ನೋಡಲಿಲ್ಲ. "ಇನ್ನ ಕಡೀಕ, ದೇವರ..." ಎಂದು ಆಕೆ ಉಸಿರು ತೆಗೆದುಕೊಳ್ಳಲು ನಿಂತಳು. ಹಿಂದಿನ ಬೆಂಚಿನಲ್ಲಿ ಯಾರೋ ಗಂಟಲು ಸರಿಮಾಡಿಕೊಂಡು "ಆ" ಎಂದರು. ನಾನು ತಿರುಗಿ ಒಂದು ನೋಟ ನೋಡಿದೆ. ಬಾಯಿ ಮುಚ್ಚಿಕೊಂಡರು. ಇನ್ನೂ ನನ್ನ ಹೆಸರು ಬಂದಿರಲಿಲ್ಲ.